ಬೆಳಕೇ ಆಚೆ ಬರದ ಜಾಗದಿಂದ ಗಾಮಾ ಕಿರಣ ಹೇಗೆ ಬರುತ್ತೆ?

ಮಲ್ನಾಡ್ ಮಳೆ
ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಮಗಳು ಹತ್ತನೇ ಕ್ಲಾಸು. ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: "ಮಾಮಾ, ಕಪ್ಪು ಕುಳಿಯಿಂದ ಬೆಳಕೂ ಆಚೆ ಬರಲ್ಲ ಅಂತ ಪುಸ್ತಕದಲ್ಲಿದೆ. ಎಂ87 ಗ್ಯಾಲಕ್ಸಿಯ ಕಪ್ಪು ಕುಳಿಯಿಂದ ಗಾಮಾ ಕಿರಣ ಬಂತು ಅಂತ ಸುದ್ದಿಯಲ್ಲಿ ಓದಿದೆ. ಗಾಮಾ ಕಿರಣವೂ ಬೆಳಕೇ ಅಲ್ವಾ? ಎರಡರಲ್ಲಿ ಯಾವುದು ಸುಳ್ಳು?"

ಎರಡೂ ನಿಜ ಅಂತ ಹೇಳಿದೆ. ಹೇಗೆ ಅಂತ ಬಿಡಿಸಿ ಹೇಳಲು ಆಗಲಿಲ್ಲ.

ಅವಳು ಓದಿದ್ದು 2018ರ ಏಪ್ರಿಲ್‌ನಲ್ಲಿ ಕಂಡ ಫ್ಲೇರ್ (ದಿಢೀರ್ ಬೆಳಗುವಿಕೆ) ಬಗ್ಗೆ. ಅದರ ಪೂರ್ತಿ ವರದಿ ಬಂದಿದ್ದು 2024ರ ಡಿಸೆಂಬರ್‌ನಲ್ಲಿ. ಎಂ87 ಅಂದರೆ 2019ರಲ್ಲಿ ಕಿತ್ತಳೆ ಉಂಗುರದ ಫೋಟೋ ಬಂತಲ್ಲ, ಅದೇ. ನಮ್ಮಿಂದ ಸುಮಾರು 5.5 ಕೋಟಿ ಜ್ಯೋತಿರ್ವರ್ಷ ದೂರ. ಅದರ ಕುಳಿಯ ತೂಕ 650 ಕೋಟಿ ಸೂರ್ಯರಷ್ಟು. ಅಷ್ಟು ದೂರದಲ್ಲಿ ಆ ಕಿರಣ ಸರಿಯಾಗಿ ಎಲ್ಲಿ ಹುಟ್ಟಿತು, ಅಷ್ಟು ಶಕ್ತಿ ಎಲ್ಲಿಂದ ಬಂತು, ಇಲ್ಲಿ ಕೂತು ಅದನ್ನು ಹೇಗೆ ಕಂಡುಹಿಡಿದರು? ಗೊತ್ತಿದ್ದವರು ದಯವಿಟ್ಟು ನಿಧಾನವಾಗಿ ಹೇಳಿ. ಅವಳೂ ಓದುತ್ತಾಳೆ.

ಕೋಡ್ ಕುಟ್ಟುವವ
ಇದು ಹಾಕಿಂಗ್ ವಿಕಿರಣ ಅಲ್ವಾ? ಕಪ್ಪು ಕುಳಿಯೂ ಸ್ವಲ್ಪ ಸ್ವಲ್ಪ ಸೋರುತ್ತೆ ಅಂತ ವಿಜ್ಞಾನಿ ಸ್ಟೀಫನ್ ಹಾಕಿಂಗ್ 1974ರಲ್ಲೇ ಹೇಳಿದ್ದರು.

ಲ್ಯಾಬ್ ಮೇಷ್ಟ್ರು
ಅಲ್ಲ. ಈ ತಪ್ಪು ತುಂಬಾ ಜನ ಮಾಡುತ್ತಾರೆ. ಕಪ್ಪು ಕುಳಿ ದೊಡ್ಡದಾದಷ್ಟೂ ಹಾಕಿಂಗ್ ವಿಕಿರಣ ತಣ್ಣಗಾಗುತ್ತಾ ಹೋಗುತ್ತದೆ. ಎಂ87ರದ್ದು ಲೆಕ್ಕ ಹಾಕಿದರೆ ಒಂದು ಡಿಗ್ರಿಯನ್ನು ಸಾವಿರ ಕೋಟಿ ಕೋಟಿ ಪಾಲು ಮಾಡಿ ಅದರಲ್ಲಿ ಒಂದು ಪಾಲು ತೆಗೆದುಕೊಂಡಷ್ಟು. ಖಾಲಿ ಆಕಾಶವೇ 2.7 ಕೆಲ್ವಿನ್ (ಪರಮಶೂನ್ಯದಿಂದ ಎಣಿಸುವ ಡಿಗ್ರಿ) ಇದೆ. ಅಂಥ ತಣ್ಣನೆಯ ವಸ್ತುವಿನಿಂದ ಗಾಮಾ ಕಿರಣ ಬರುವ ಪ್ರಶ್ನೆಯೇ ಇಲ್ಲ.

ಮಗುವಿಗೆ ಹೇಳಬೇಕಾದ ಮೊದಲ ಮಾತು ಇದು: ಕುಳಿಗೆ ಒಂದು ಅಂಚಿದೆ. ಅಂಚು ದಾಟಿದ್ದು ವಾಪಸ್ ಬರಲ್ಲ, ಅಷ್ಟೇ. ಅಂಚಿನ ಹೊರಗೆ ಇರುವುದಕ್ಕೆ ಆ ನಿಯಮ ಇಲ್ಲ. ಗಾಮಾ ಕಿರಣ ಹುಟ್ಟುವುದು ಹೊರಗೆ. ಪುಸ್ತಕವೂ ಸರಿ, ಸುದ್ದಿಯೂ ಸರಿ.

ಕೋಡ್ ಕುಟ್ಟುವವ
ಸರಿ ಸಾರ್, ತಿದ್ದಿಕೊಂಡೆ. ಆದರೆ ಹೊರಗೆ ಇರುವುದು ಬರೀ ಅನಿಲ ಅಲ್ವಾ? ಅನಿಲ ಬಿಸಿಯಾದರೆ ಎಕ್ಸ್‌-ರೇ ಬರಬಹುದು. ಗಾಮಾ ತನಕ ಹೇಗೆ ಹೋಗುತ್ತೆ?

ಮ್ಯೂನಿಕ್ ಕನ್ನಡತಿ
ಇದು ನನ್ನ ಕೆಲಸದ ವಿಷಯ. ಗಾಮಾ ಕಿರಣದ ಗುಂಪಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಿಮ್ಮ ಅನುಮಾನ ಸರಿಯಾಗೇ ಇದೆ. ಬಿಸಿಯಿಂದ ಈ ಕಿರಣ ಬರಲ್ಲ. ಕಣ್ಣಿಗೆ ಕಾಣುವ ಬೆಳಕಿನ ಒಂದು ಕಣದಲ್ಲಿ ಎರಡು ಮೂರು ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಇರುತ್ತೆ. ನಾವು ಹಿಡಿಯುವ ಗಾಮಾ ಕಣದಲ್ಲಿ ಒಂದು ಟೆರಾ ಎಲೆಕ್ಟ್ರಾನ್ ವೋಲ್ಟ್, ಅಂದರೆ ಒಂದು ಲಕ್ಷ ಕೋಟಿ. ಹಾರುವ ಒಂದು ಸೊಳ್ಳೆಗೆ ಎಷ್ಟು ಚಲನಶಕ್ತಿ ಇರುತ್ತೋ ಹೆಚ್ಚುಕಮ್ಮಿ ಅಷ್ಟು, ಬೆಳಕಿನ ಒಂದೇ ಒಂದು ಕಣದಲ್ಲಿ! ಯಾವ ವಸ್ತುವನ್ನು ಎಷ್ಟೇ ಕಾಯಿಸಿದರೂ ಇದು ಬರಲ್ಲ. ಕೆಲವೇ ಕಣಗಳನ್ನು ಆರಿಸಿ ಒದ್ದು ಓಡಿಸಬೇಕು. ಜಿನೀವಾದ ಕೊಲೈಡರ್ ಪ್ರೋಟಾನುಗಳಿಗೆ ಹಾಗೇ ಮಾಡುತ್ತೆ. ಕಪ್ಪು ಕುಳಿಯ ಸುತ್ತ ಪ್ರಕೃತಿ ಅದೇ ಕೆಲಸ ಮಾಡುತ್ತೆ.

ಓಡುವ ಎಲೆಕ್ಟ್ರಾನ್ ಎರಡು ರೀತಿ ಬೆಳಗುತ್ತೆ. ಕಾಂತಕ್ಷೇತ್ರದಲ್ಲಿ ಸುತ್ತುತ್ತಾ ಹೋದರೆ ರೇಡಿಯೋದಿಂದ ಎಕ್ಸ್‌-ರೇ ತನಕ ಹೊಳೆಯುತ್ತೆ. ಅದೇ ಎಲೆಕ್ಟ್ರಾನ್ ದಾರಿಯಲ್ಲಿ ಸಿಕ್ಕ ಮಂದ ಬೆಳಕಿನ ಕಣಕ್ಕೆ ಗುದ್ದಿದರೆ ಆ ಬೆಳಕು ಗಾಮಾ ಕಿರಣವಾಗಿ ಹಾರುತ್ತೆ. ಸ್ಪಿನ್ನರ್ ಹಾಕಿದ ನಿಧಾನದ ಬಾಲನ್ನು ಬ್ಯಾಟ್ಸ್‌ಮನ್ ಮುಂದೆ ನುಗ್ಗಿ ಸಿಕ್ಸರ್ ಎತ್ತುತ್ತಾನಲ್ಲ, ಹಾಗೆ. ಶಕ್ತಿ ಬ್ಯಾಟಿನದ್ದು, ಹಾರುವುದು ಬಾಲು. ಇದಕ್ಕೆ ವಿಲೋಮ ಕಾಂಪ್ಟನ್ ಅಂತಾರೆ.

ಡೌಟ್ ಡಬ್ಬಿ
ಬ್ಯಾಟಿಗೆ ಆ ವೇಗ ಕೊಟ್ಟಿದ್ದು ಯಾರು? ಪ್ರಶ್ನೆ ಇದ್ದಲ್ಲೇ ಇದೆ.

ಲ್ಯಾಬ್ ಮೇಷ್ಟ್ರು
ಮೊದಲು ಶಕ್ತಿಯ ಮೂಲ ನೋಡೋಣ. ಒಂದು ಕೆಜಿ ಹೈಡ್ರೋಜನ್ ಸೂರ್ಯನಲ್ಲಿ ಹೀಲಿಯಂ ಆದರೆ ಅದರಲ್ಲಿ ಸುಮಾರು 7 ಗ್ರಾಂ ಮಾತ್ರ ಶಕ್ತಿಯಾಗಿ ಹೊರಬರುತ್ತೆ. ಅದೇ ಒಂದು ಕೆಜಿ ಕಪ್ಪು ಕುಳಿಯ ಸುತ್ತ ಸುತ್ತುತ್ತಾ ಒಳಗೆ ಇಳಿದರೆ, ಅಂಚು ಮುಟ್ಟುವ ಮೊದಲು ಸುಮಾರು 60 ಗ್ರಾಂ ಶಕ್ತಿಯಾಗಬಹುದು. ಕುಳಿ ಅತಿ ವೇಗವಾಗಿ ತಿರುಗುತ್ತಿದ್ದರೆ 400 ಗ್ರಾಂ ದಾಟಬಹುದು. ಇದಕ್ಕಿಂತ ಒಳ್ಳೆಯ ಒಲೆ ಪ್ರಕೃತಿಯಲ್ಲಿ ನನಗೆ ಗೊತ್ತಿಲ್ಲ.

ಇದಲ್ಲದೆ ಕುಳಿಯ ತಿರುಗುವಿಕೆಯಲ್ಲೇ ಶಕ್ತಿ ಇದೆ. ಅದನ್ನು ಕಾಂತರೇಖೆಗಳು ಹೊರಗೆ ಎಳೆಯಬಲ್ಲವು ಅಂತ 1977ರಲ್ಲಿ ಬ್ಲಾಂಡ್‌ಫರ್ಡ್ ಮತ್ತು ಝ್ನಾಯೆಕ್ ತೋರಿಸಿದರು. ನಾನು ಕ್ಲಾಸಿನಲ್ಲಿ ಮೊಸರು ಕಡೆಯುವುದನ್ನು ಹೇಳುತ್ತೇನೆ. ಕಡಗೋಲು ಕುಳಿ. ಅದಕ್ಕೆ ಸುತ್ತಿದ ಹಗ್ಗ ಕಾಂತರೇಖೆ.

ಗಡಿಗೆ ಬೆಣ್ಣೆ
ಮೇಷ್ಟ್ರೇ, ಹೋಲಿಕೆ ಚೆನ್ನಾಗಿದೆ, ಆದರೆ ತಿರುವುಮುರುವಾಗಿದೆ. ನಾನು ಅಜ್ಜಿ ಜೊತೆ ಕಡೆದಿದ್ದೇನೆ. ಅಲ್ಲಿ ಕೈ ಹಗ್ಗ ಎಳೆಯುತ್ತೆ, ಹಗ್ಗ ಕಡಗೋಲನ್ನು ತಿರುಗಿಸುತ್ತೆ. ನೀವು ಹೇಳುವುದರಲ್ಲಿ ಕಡಗೋಲೇ ತಿರುಗುತ್ತಾ ಹಗ್ಗಕ್ಕೆ ಶಕ್ತಿ ಕೊಡುತ್ತಿದೆ.

ಲ್ಯಾಬ್ ಮೇಷ್ಟ್ರು
ಒಪ್ಪಿದೆ. ಇಲ್ಲಿ ಕಡಗೋಲು ತಾನೇ ತಿರುಗುತ್ತಿದೆ. ಹಗ್ಗ ಅದಕ್ಕೆ ಸುತ್ತಿಕೊಳ್ಳುತ್ತಾ ಬಿಗಿಯುತ್ತೆ. ಬಿಗಿದ ಹಗ್ಗ ಅಕ್ಷದ ಮೇಲೂ ಕೆಳಗೂ ಎಲ್ಲವನ್ನೂ ತಳ್ಳುತ್ತೆ, ಅದೇ ಜೆಟ್. ಹಗ್ಗ ಎಳೆದಷ್ಟೂ ಕಡಗೋಲಿನ ವೇಗ ಕಡಿಮೆಯಾಗುತ್ತಾ ಬರುತ್ತೆ. ಮುಂದಿನ ಸಲ ಕ್ಲಾಸಿನಲ್ಲಿ ಹೀಗೇ ಹೇಳುತ್ತೇನೆ.

ಎಂ87ರ ಜೆಟ್ಟನ್ನು 1918ರಲ್ಲೇ ಹೀಬರ್ ಕರ್ಟಿಸ್ ಫೋಟೋದಲ್ಲಿ ನೋಡಿದ್ದರು. ವಿಚಿತ್ರವಾದ ನೇರ ಗೆರೆ ಅಂತ ಬರೆದುಕೊಂಡರು. ಅದು ಏನು ಅಂತ ಗೊತ್ತಾಗಲು ಇನ್ನೂ ಹಲವು ದಶಕ ಬೇಕಾಯಿತು.

ಪದಕೋಶ
ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಎಲ್ಲರೂ "ಕಪ್ಪು ಕುಳಿ" ಅಂತಿದ್ದೀರಿ. ಕುಳಿ ಅಂದರೆ ತಳ ಇರಬೇಕು. "ಕಪ್ಪು ರಂಧ್ರ" ಸರಿ ಅಲ್ವಾ?

ಗಡಿಗೆ ಬೆಣ್ಣೆ
ರಂಧ್ರ ಅಂದರೆ ಆ ಕಡೆಯಿಂದ ಆಚೆ ಬರಬೇಕು. ಇದರಲ್ಲಿ ಹೋದದ್ದು ಎಲ್ಲಿಂದಲೂ ಬರಲ್ಲ. ಕುಳಿಯೇ ಇರಲಿ. ಮಕ್ಕಳಿಗೆ ಬೇಗ ಹತ್ತುತ್ತೆ.

ಪದಕೋಶ
ನಮ್ಮ ಕಾಲದಲ್ಲಿ "ಕೃಷ್ಣರಂಧ್ರ" ಅಂತಿತ್ತು. ಅದಕ್ಕಿಂತ ಕುಳಿ ವಾಸಿ, ಒಪ್ಪುತ್ತೇನೆ. ಮುಂದುವರಿಸಿ.

ಡೌಟ್ ಡಬ್ಬಿ
ಶಕ್ತಿ ಇದೆ, ಜೆಟ್ ಇದೆ. ಆ ಶಕ್ತಿ ಒಂದೊಂದು ಕಣಕ್ಕೆ ಹೇಗೆ ಸೇರುತ್ತೆ? ಅದನ್ನೇ ಯಾರೂ ಹೇಳಲಿಲ್ಲ.

ಮ್ಯೂನಿಕ್ ಕನ್ನಡತಿ
ಯಾಕೆಂದರೆ ನಮ್ಮ ಕ್ಷೇತ್ರದಲ್ಲಿ ಅದರ ಮೇಲೇ ಜಗಳ ನಡೆಯುತ್ತಿದೆ.

ಹಳೆಯ ಉತ್ತರ ಆಘಾತ ಅಲೆಯದು. ಕಣಗಳು ಚಲಿಸುವ ಕಾಂತಕ್ಷೇತ್ರಕ್ಕೆ ಬಡಿದು ಶಕ್ತಿ ಗಳಿಸಬಹುದು ಅನ್ನುವುದು ಎನ್ರಿಕೋ ಫರ್ಮಿ 1949ರಲ್ಲಿ ಕೊಟ್ಟ ವಿಚಾರ. ಜೆಟ್ ಒಳಗೆ ವೇಗದ ಹರಿವು ನಿಧಾನದ ಹರಿವಿಗೆ ಡಿಕ್ಕಿ ಹೊಡೆದಾಗ ಆಘಾತ ಅಲೆ ಹುಟ್ಟುತ್ತೆ. ಎರಡು ಗೋಡೆ ಒಂದರ ಕಡೆಗೆ ಇನ್ನೊಂದು ಸರಿಯುತ್ತಾ ಬರುತ್ತಿದೆ, ನಡುವೆ ಟಿಟಿ ಬಾಲ್ ಪುಟಿಯುತ್ತಿದೆ ಅಂದುಕೊಳ್ಳಿ. ಪ್ರತಿ ಸಲ ತಾಗಿದಾಗಲೂ ಬಾಲಿನ ವೇಗ ಸ್ವಲ್ಪ ಜಾಸ್ತಿ. ಹೆಚ್ಚು ಸಲ ಪುಟಿದ ಕೆಲವು ಕಣಗಳು ಮಾತ್ರ ಭಾರೀ ಶಕ್ತಿ ಗಳಿಸುತ್ತವೆ. ಮಾರ್ಕೇರಿಯನ್ 501 ಅನ್ನುವ ಬ್ಲೇಜಾರನ್ನು (ಜೆಟ್ ನಮ್ಮ ಕಡೆಗೇ ತಿರುಗಿರುವ ಗ್ಯಾಲಕ್ಸಿ) 2022ರಲ್ಲಿ ಐಎಕ್ಸ್‌ಪಿಇ ಉಪಗ್ರಹ ನೋಡಿತು. ಅದರ ಎಕ್ಸ್‌-ರೇ ಧ್ರುವೀಕರಣ (ಅಲೆಗಳು ಒಂದೇ ದಿಕ್ಕಿನಲ್ಲಿ ಅಲುಗುವ ಪ್ರಮಾಣ) ಸುಮಾರು ಶೇ 10, ದಿಕ್ಕು ಜೆಟ್ ಕಡೆಗೇ. ಆಘಾತ ಅಲೆಗೆ ಹೊಂದುವ ಸಾಕ್ಷಿ ಇದು.

ಇನ್ನೊಂದು ಪಕ್ಷದವರು ಹೇಳುವುದು ಬೇರೆ. ಎದುರುಬದುರು ದಿಕ್ಕಿನ ಕಾಂತರೇಖೆಗಳು ಹತ್ತಿರ ಬಂದರೆ ತುಂಡಾಗಿ ಬೇರೆ ರೀತಿ ಕೂಡಿಕೊಳ್ಳುತ್ತವೆ. ಆಗ ಅವುಗಳಲ್ಲಿದ್ದ ಬಿಗಿ ಒಂದೇ ಸಲ ಬಿಡುಗಡೆ ಆಗುತ್ತೆ. ಸೂರ್ಯನ ಮೇಲಿನ ಜ್ವಾಲೆಗಳಲ್ಲಿ ಇದೇ ನಡೆಯುತ್ತೆ. ಮೂರನೆಯ ಗುಂಪು ಕುಳಿಯ ಪಕ್ಕದಲ್ಲೇ ಕಣಗಳಿಲ್ಲದ ಖಾಲಿ ಜಾಗ ಉಂಟಾಗಿ, ಅಲ್ಲಿ ಭಾರೀ ವೋಲ್ಟೇಜ್ ಏರುತ್ತೆ ಅನ್ನುತ್ತೆ. ಐಸಿ 310 ಗ್ಯಾಲಕ್ಸಿ 2012ರ ನವೆಂಬರ್‌ನಲ್ಲಿ ಐದು ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ಏರಿಳಿದಾಗ ಇದಕ್ಕೆ ಬಲ ಬಂತು.

ಡೌಟ್ ಡಬ್ಬಿ
ಐದು ನಿಮಿಷದಲ್ಲಿ ಏರಿಳಿದರೆ ಏನಾಯ್ತು? ಅದರಿಂದ ಜಾಗ ಹೇಗೆ ಗೊತ್ತಾಗುತ್ತೆ?

ರಾತ್ರಿ ದುರ್ಬೀನು
ಇಡೀ ವಿಷಯದಲ್ಲಿ ನನಗೆ ತುಂಬಾ ಇಷ್ಟವಾಗುವ ಭಾಗ ಇದೇ, ನಾನು ಹೇಳುತ್ತೇನೆ.

ಒಂದು ದೊಡ್ಡ ಮೈದಾನದ ತುಂಬ ಜನ ನಿಂತಿದ್ದಾರೆ. ಎಲ್ಲರೂ ಒಂದೇ ಕ್ಷಣಕ್ಕೆ ಚಪ್ಪಾಳೆ ಹೊಡೆದರೂ ನಿಮಗೆ ಅದು ಎಳೆದುಕೊಂಡು ಕೇಳಿಸುತ್ತೆ. ಹತ್ತಿರದವರದ್ದು ಮೊದಲು, ದೂರದವರದ್ದು ಆಮೇಲೆ. "ಟಪ್" ಅಂತ ಚಿಕ್ಕದಾಗಿ ಕೇಳಿಸಿದರೆ ಗುಂಪು ಸಣ್ಣದು. ಬೆಳಕಿಗೂ ಹಾಗೇ. ಮೂರು ದಿನದಲ್ಲಿ ಏರಿಳಿದರೆ ಆ ಜಾಗ ಮೂರು ಬೆಳಕಿನ ದಿನಕ್ಕಿಂತ, ಅಂದರೆ ಬೆಳಕು ಮೂರು ದಿನದಲ್ಲಿ ಹೋಗುವ ದೂರಕ್ಕಿಂತ, ಜಾಸ್ತಿ ದೊಡ್ಡದಿರಲ್ಲ. 2018ರ ಎಂ87 ಫ್ಲೇರ್ ಮೂರು ದಿನದ್ದು.

ಈಗ ಅಳತೆ ನೋಡಿ. ಸೂರ್ಯನನ್ನು ಕಪ್ಪು ಕುಳಿ ಮಾಡಿದರೆ ಅದರ ತ್ರಿಜ್ಯ ಸುಮಾರು 3 ಕಿ.ಮೀ. ಎಂ87ರದ್ದು 650 ಕೋಟಿ ಪಟ್ಟು, ಅಂದರೆ 1,950 ಕೋಟಿ ಕಿ.ಮೀ. ವ್ಯಾಸ 3,900 ಕೋಟಿ. ಮೂರು ಬೆಳಕಿನ ದಿನ ಅಂದರೆ ಸುಮಾರು 7,800 ಕೋಟಿ ಕಿ.ಮೀ. ಕುಳಿಯ ವ್ಯಾಸದ ಎರಡರಷ್ಟು, ಅಷ್ಟೇ! ಸಾವಿರಾರು ಜ್ಯೋತಿರ್ವರ್ಷ ಉದ್ದದ ಜೆಟ್ಟಿನಲ್ಲಿ ಇಷ್ಟು ಪುಟ್ಟ ಜಾಗ ಉರಿದಿದೆ. ಬರೀ ಗಡಿಯಾರ ನೋಡಿ ಇದನ್ನು ಹೇಳಬಹುದು. ಮೊದಲ ಸಲ ಈ ಲೆಕ್ಕ ಪೇಪರ್ ಮೇಲೆ ಹಾಕಿದ ದಿನ ನನಗೆ ನಿದ್ದೆ ಬಂದಿರಲಿಲ್ಲ.

ಮ್ಯೂನಿಕ್ ಕನ್ನಡತಿ
ಲೆಕ್ಕ ಚೆನ್ನಾಗಿದೆ, ಒಂದು ತಿದ್ದುಪಡಿ. ಉರಿಯುವ ಉಂಡೆ ನಮ್ಮ ಕಡೆಗೇ ಬೆಳಕಿನ ಹತ್ತಿರ ಹತ್ತಿರ ವೇಗದಲ್ಲಿ ಬರುತ್ತಿದ್ದರೆ ಹೊತ್ತು ಕುಗ್ಗಿದ ಹಾಗೆ ಕಾಣಿಸುತ್ತೆ. ಆಗ ನಿಜವಾದ ಜಾಗ ಇನ್ನೂ ದೊಡ್ಡದಿರಬಹುದು. ಎಂ87ರ ಜೆಟ್ ನಮ್ಮ ನೋಟಕ್ಕೆ ಸುಮಾರು 17 ಡಿಗ್ರಿ ಓರೆಯಾಗಿದೆ, ಹಾಗಾಗಿ ಈ ಪರಿಣಾಮ ತೀರಾ ಜಾಸ್ತಿ ಇಲ್ಲ. ಬ್ಲೇಜಾರುಗಳಲ್ಲಿ ಜೆಟ್ ನೇರ ನಮ್ಮ ಮುಖಕ್ಕೇ ತಿರುಗಿರುತ್ತೆ. ಅಲ್ಲಿ ಇದನ್ನು ಮರೆತರೆ ಲೆಕ್ಕ ಪೂರ್ತಿ ತಪ್ಪುತ್ತೆ.

ಮರೆಯದಿದ್ದರೂ ಕೆಲವು ಸಲ ಲೆಕ್ಕ ಕೂಡಲ್ಲ. ಪಿಕೆಎಸ್ 2155-304 ಅನ್ನುವ ಬ್ಲೇಜಾರ್ 2006ರ ಜುಲೈ 28ರಂದು ಸುಮಾರು 200 ಸೆಕೆಂಡಿನಲ್ಲಿ ಏರಿಳಿಯಿತು. ನಮೀಬಿಯಾದ ಎಚ್‌ಇಎಸ್‌ಎಸ್ ದೂರದರ್ಶಕಗಳು ಅದನ್ನು ನೋಡಿದವು. 200 ಸೆಕೆಂಡಿಗೆ ಬೆಳಕು ಹೋಗುವುದು 6 ಕೋಟಿ ಕಿ.ಮೀ. ಅಲ್ಲಿನ ಕುಳಿ ನೂರು ಕೋಟಿ ಸೂರ್ಯರಷ್ಟಿದ್ದರೆ ಅದರ ತ್ರಿಜ್ಯವೇ 300 ಕೋಟಿ ಕಿ.ಮೀ. ಕುಳಿಗಿಂತ ಎಷ್ಟೋ ಚಿಕ್ಕ ಜಾಗ ಇಡೀ ಗ್ಯಾಲಕ್ಸಿಗಿಂತ ಜಾಸ್ತಿ ಬೆಳಗಿತು. ಆಘಾತ ಅಲೆಯ ಪಕ್ಷಕ್ಕೆ ದೊಡ್ಡ ಪೆಟ್ಟು ಬಿದ್ದಿದ್ದು ಆಗಲೇ.

ಕೋಡ್ ಕುಟ್ಟುವವ
ಹಾಗಾದರೆ ಎಂ87ರಲ್ಲಿ ಕುಳಿಯ ಪಕ್ಕದಲ್ಲೇ ಅಂತ ತೀರ್ಮಾನ ಆಯ್ತಲ್ಲ?

ಮ್ಯೂನಿಕ್ ಕನ್ನಡತಿ
ಇಲ್ಲ. ಇದರ ಕಥೆ ಇಪ್ಪತ್ತು ವರ್ಷದ್ದು.

2005ರಲ್ಲಿ ಎಂ87 ಗಾಮಾದಲ್ಲಿ ಒಂದೆರಡು ದಿನದೊಳಗೆ ಏರಿಳಿಯಿತು. ಅದೇ ವರ್ಷ ಜೆಟ್ ಮೇಲಿನ ಒಂದು ಗಂಟು, ಎಚ್‌ಎಸ್‌ಟಿ-1 ಅಂತಾರೆ, ಎಕ್ಸ್‌-ರೇಯಲ್ಲಿ ಅತಿ ಹೆಚ್ಚು ಬೆಳಗಿತು. ಆ ಗಂಟು ಕುಳಿಯಿಂದ ನೂರಾರು ಜ್ಯೋತಿರ್ವರ್ಷ ದೂರ. ಗಾಮಾ ಅಲ್ಲಿಂದಲೇ ಅಂತ ಕೆಲವರು ವಾದಿಸಿದರು. 2008ರಲ್ಲಿ ಮತ್ತೆ ಫ್ಲೇರ್. ಈ ಸಲ ಗಂಟು ಸುಮ್ಮನಿತ್ತು, ಕುಳಿಯ ಪಕ್ಕದ, ರೇಡಿಯೋ ಅಲೆ ಹೊಮ್ಮುವ ನಡುಭಾಗ ಬೆಳಗಿತು. ಹಾಗಾಗಿ ಕುಳಿಯ ಪಕ್ಕ ಅನ್ನುವವರು ಗೆದ್ದ ಹಾಗೆ ಕಂಡಿತು. 2010ರಲ್ಲಿ ಮತ್ತೊಂದು. ಆಗ ರೇಡಿಯೋ ಹಾಗೆ ಜೊತೆ ಕೊಡಲಿಲ್ಲ. ಆಮೇಲೆ 2018ರ ತನಕ ದೊಡ್ಡದು ಬರಲೇ ಇಲ್ಲ.

2018ರಲ್ಲಿ ಅದೃಷ್ಟ ಚೆನ್ನಾಗಿತ್ತು. ಉಂಗುರದ ಫೋಟೋ ತೆಗೆಯುವ ರೇಡಿಯೋ ದೂರದರ್ಶಕಗಳು, ಗಾಮಾ ದೂರದರ್ಶಕಗಳು, ಎಕ್ಸ್‌-ರೇ ಉಪಗ್ರಹಗಳು, ಎಲ್ಲಾ ಸೇರಿ ಎರಡು ಡಜನ್‌ಗಿಂತ ಜಾಸ್ತಿ ಕಣ್ಣುಗಳು ಎಂ87 ಮೇಲೇ ಇದ್ದವು. ಉಂಗುರದಲ್ಲಿ ಹೆಚ್ಚು ಬೆಳಗುವ ಭಾಗ 2017ಕ್ಕಿಂತ ಸುಮಾರು 30 ಡಿಗ್ರಿ ಸರಿದಿತ್ತು. ಆದರೆ ಒಂದೇ ಜಾಗದಿಂದ ಎಲ್ಲಾ ಬಣ್ಣದ ಬೆಳಕೂ ಬರುತ್ತೆ ಅಂತ ಮಾಡಿದ ಸರಳ ಮಾದರಿ ಕೂಡಿಬರಲಿಲ್ಲ. ಗಾಮಾ ಜಾಗ ಬೇರೆ, ರೇಡಿಯೋ ಜಾಗ ಬೇರೆ ಇರಬಹುದು. ನನ್ನ ಸ್ವಂತ ಅಭಿಪ್ರಾಯ ಕೇಳಿದರೆ ಗಾಮಾ ಕುಳಿಯ ಪಕ್ಕದ್ದೇ. ನಮ್ಮ ಗುಂಪಿನಲ್ಲೇ ಇದನ್ನು ಒಪ್ಪದವರು ಇದ್ದಾರೆ.

ಹೊಸಕೋಟೆ ಹೈವೇ
ಈ ಗಾಮಾ ಕಿರಣ ನಮಗೆ ತಾಗಿದರೆ ತೊಂದರೆ ಇಲ್ವಾ?

ಲ್ಯಾಬ್ ಮೇಷ್ಟ್ರು
ಇಲ್ಲ. ನೆಲಕ್ಕೆ ಬರುವುದೇ ಇಲ್ಲ. ಮೇಲಿನ ಗಾಳಿಯೇ ತಡೆಯುತ್ತೆ. ಅದೂ ಅಲ್ಲದೆ ಬರುವುದು ತೀರಾ ಕಡಿಮೆ. ಗಾಮಾ ಆಕಾಶದಲ್ಲಿ ಹೆಚ್ಚು ಬೆಳಗುವ ಕ್ರ್ಯಾಬ್ ನೆಬ್ಯುಲಾದಿಂದಲೇ (ಸಿಡಿದ ನಕ್ಷತ್ರದ ಉಳಿಕೆ) ಒಂದು ಚದರ ಮೀಟರಿಗೆ ವರ್ಷಕ್ಕೆ ಆರೇಳು ಟೆರಾ ಕಣ. ಎಂ87ರಿಂದ ಸುಮ್ಮನಿರುವ ಕಾಲದಲ್ಲಿ ಹಲವು ವರ್ಷಕ್ಕೆ ಒಂದು.

ಡೌಟ್ ಡಬ್ಬಿ
ಹಲವು ವರ್ಷಕ್ಕೆ ಒಂದು ಬಂದರೆ ಮೂರು ದಿನದ ಏರಿಳಿತ ಹೇಗೆ ಅಳೆದರು? ಎರಡೂ ಮಾತು ಕೂಡಲ್ಲ.

ಮ್ಯೂನಿಕ್ ಕನ್ನಡತಿ
ಒಳ್ಳೆ ಹಿಡಿದಿರಿ. ಒಂದು ಚದರ ಮೀಟರಿಗೆ ಅಂತ ಮೇಷ್ಟ್ರು ಹೇಳಿದ್ದು. ನಾವು ಹರವಿ ಇಟ್ಟುಕೊಳ್ಳುವ ಬಲೆ ಎಕರೆಗಟ್ಟಲೆ.

2008ರಿಂದ ಮೇಲಿರುವ ಫರ್ಮಿ ಉಪಗ್ರಹದ ಉಪಕರಣ ಕಣ ಹಿಡಿಯುವ ಜಾಗ ಒಂದು ಚದರ ಮೀಟರಿಗಿಂತ ಕಡಿಮೆ. ಕಡಿಮೆ ಶಕ್ತಿಯ ಗಾಮಾಗೆ ಅದು ಸಾಕು. ಟೆರಾ ಮಟ್ಟಕ್ಕೆ ಸಾಲಲ್ಲ. ಅಲ್ಲಿ ಗಾಳಿಯೇ ನಮ್ಮ ಉಪಕರಣ. ಗಾಮಾ ಕಣ ಸುಮಾರು 10 ಕಿ.ಮೀ. ಮೇಲೆ ಗಾಳಿಗೆ ಬಡಿದು ಎಲೆಕ್ಟ್ರಾನ್, ಪಾಸಿಟ್ರಾನ್ (ಧನ ವಿದ್ಯುತ್ತಿನ ಎಲೆಕ್ಟ್ರಾನ್) ಆಗಿ ಒಡೆಯುತ್ತೆ. ಅವು ಮತ್ತೆ ಗಾಮಾ, ಮತ್ತೆ ಎಲೆಕ್ಟ್ರಾನ್. ಹೀಗೆ ಸಾವಿರಾರು ಕಣಗಳ ಮಳೆ. ಗಾಳಿಯಲ್ಲಿ ಬೆಳಕು ಹೋಗುವ ವೇಗಕ್ಕಿಂತ ಅವು ವೇಗ. ಆದ್ದರಿಂದ ನೀಲಿ ಬೆಳಕಿನ ಮಿಂಚು ಹೊಮ್ಮುತ್ತೆ. ಕೆಲವೇ ನ್ಯಾನೋಸೆಕೆಂಡ್. ಅದು ನೆಲದ ಮೇಲೆ ಸುಮಾರು 120 ಮೀಟರ್ ತ್ರಿಜ್ಯದ ವೃತ್ತವಾಗಿ ಬೀಳುತ್ತೆ, ಹನ್ನೊಂದು ಎಕರೆ. ಅದರೊಳಗೆ ಎಲ್ಲಿ ಕನ್ನಡಿ ಇಟ್ಟರೂ ಮಿಂಚು ಸಿಗುತ್ತೆ.

ನಾನು ಲಾ ಪಾಲ್ಮಾ ದ್ವೀಪದ ಮ್ಯಾಜಿಕ್ ದೂರದರ್ಶಕಗಳಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. 17 ಮೀಟರ್ ಅಗಲದ ಎರಡು ಕನ್ನಡಿ, ಮೇಲೆ ಗುಮ್ಮಟ ಇಲ್ಲ. ಕತ್ತಲೆ ಕೋಣೆಯಲ್ಲಿ ಕೂತರೆ ಪರದೆ ಮೇಲೆ ಒಂದೊಂದೇ ಚಿತ್ರ ಬರುತ್ತಿರುತ್ತೆ. ಆಕಾಶದಿಂದ ಬಂದ ಪ್ರೋಟಾನ್ ಎಬ್ಬಿಸಿದ ಮಳೆ ಚೆಲ್ಲಿದ ಚಿತ್ರಾನ್ನದ ಹಾಗೆ, ಅಲ್ಲಲ್ಲಿ ಚುಕ್ಕಿ. ಮ್ಯೂಆನ್ (ಎಲೆಕ್ಟ್ರಾನಿನ ಭಾರದ ಅಣ್ಣ) ಬಂದರೆ ಬಳೆ. ಗಾಮಾ ಬಂದರೆ ಮಲ್ಲಿಗೆ ಮೊಗ್ಗಿನ ಹಾಗೆ ತೆಳ್ಳಗೆ, ಉದ್ದಕ್ಕೆ, ತುದಿ ಮೂಲದ ಕಡೆಗೆ ತಿರುಗಿರುತ್ತೆ. ಸಾವಿರ ಚಿತ್ರಾನ್ನಕ್ಕೆ ಒಂದು ಮೊಗ್ಗು. ಮೊದಲ ವಾರ ನನಗೆ ಬೇರ್ಪಡಿಸಲು ಆಗುತ್ತಿರಲಿಲ್ಲ. ಒಂದು ರಾತ್ರಿ ಮಾರ್ಕೇರಿಯನ್ 421 ಏರಿತು. ಮೊಗ್ಗು ಮೇಲೆ ಮೊಗ್ಗು. ಪಕ್ಕದಲ್ಲಿದ್ದ ಸ್ಪೇನಿನ ಹುಡುಗ ಎದ್ದು ನಿಂತುಬಿಟ್ಟ.

ಮಲ್ನಾಡ್ ಮಳೆ
ಮೊಗ್ಗಿನ ಮಾತು ಓದಿ ಅಕ್ಕನ ಮಗಳು ನೋಟ್‌ಬುಕ್ಕಿನಲ್ಲಿ ಮೂರೂ ಚಿತ್ರ ಬರೆದುಕೊಂಡಿದ್ದಾಳೆ. ಮಾರ್ಕೇರಿಯನ್ 421 ಅಂದರೆ?

ರಾತ್ರಿ ದುರ್ಬೀನು
ನಮ್ಮ ಗ್ಯಾಲಕ್ಸಿಯ ಆಚೆಯಿಂದ ಟೆರಾ ಮಟ್ಟದ ಗಾಮಾ ಮೊದಲು ಸಿಕ್ಕಿದ್ದು ಅದರಿಂದಲೇ, 1992ರಲ್ಲಿ, ಅಮೆರಿಕದ ವಿಪಲ್ ದೂರದರ್ಶಕಕ್ಕೆ. ಸುಮಾರು 40 ಕೋಟಿ ಜ್ಯೋತಿರ್ವರ್ಷ ದೂರ. ಸಪ್ತರ್ಷಿ ಮಂಡಲದ ದಿಕ್ಕಿನಲ್ಲಿದೆ.

ಹೊಸಕೋಟೆ ಹೈವೇ
ಲಡಾಖ್‌ನ ಹಾನ್ಲೆಯಲ್ಲಿ ನಮ್ಮವರದ್ದೂ ಇದೆಯಲ್ಲ. ಅದನ್ನು ನಮ್ಮ ಹೊಸಕೋಟೆಯಿಂದಲೇ ತಿರುಗಿಸುತ್ತಾರೆ. ದಿನಾ ಆ ಕ್ಯಾಂಪಸ್ ಮುಂದೆ ಹೋಗುತ್ತೇನೆ.

ಲ್ಯಾಬ್ ಮೇಷ್ಟ್ರು
ಎರಡನ್ನು ಸೇರಿಸಿಬಿಟ್ಟಿರಿ. ಹೊಸಕೋಟೆಯಿಂದ ಉಪಗ್ರಹದ ಮೂಲಕ ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕ. ಅದು ಸಾಮಾನ್ಯ ಬೆಳಕಿನದು. ಗಾಮಾಗೆ ಇರುವುದು ಮೇಸ್, 21 ಮೀಟರ್ ಅಗಲ, ಭಾಭಾ ಅಣು ಸಂಶೋಧನಾ ಕೇಂದ್ರದವರದ್ದು. 2024ರ ಅಕ್ಟೋಬರ್ 4ರಂದು ಉದ್ಘಾಟನೆ ಆಯಿತು. ಅದಕ್ಕೂ ಮೊದಲು ಅಲ್ಲೇ ಹಗಾರ್ ಅನ್ನುವ ಏಳು ದೂರದರ್ಶಕಗಳ ಸಾಲು ಇತ್ತು. ಅದರಲ್ಲಿ ನಮ್ಮ ಖಭೌತ ಸಂಸ್ಥೆಯೂ ಪಾಲುದಾರ. 2010ರ ಫೆಬ್ರವರಿಯಲ್ಲಿ ಮಾರ್ಕೇರಿಯನ್ 421 ಏರಿದಾಗ ಹಗಾರ್ ಅದನ್ನು ಹಿಡಿಯಿತು.

ಹೊಸಕೋಟೆ ಹೈವೇ
ಓಹ್, ಸರಿ. ಆದರೂ ನಮ್ಮೂರಿನಿಂದ ಲಡಾಖ್ ದೂರದರ್ಶಕ ತಿರುಗುತ್ತೆ ಅನ್ನುವುದಂತೂ ನಿಜ ಅಲ್ವಾ. ಖುಷಿ ಆಯ್ತು.

ಸೈಕಲ್ ಸವಾರ
ಹಾನ್ಲೆಗೆ ಹೋಗಿದ್ದೆ. 4,270 ಮೀಟರ್. ಹತ್ತು ಮೆಟ್ಟಿಲು ಹತ್ತಿದರೆ ಉಸಿರು ಸಿಕ್ಕಿಕೊಳ್ಳುತ್ತೆ. ಹಗಲು ಮೇಸ್ ಕನ್ನಡಿಗಳಲ್ಲಿ ಇಡೀ ಬೆಟ್ಟ ಚೂರು ಚೂರಾಗಿ ಕಾಣುತ್ತೆ. ರಾತ್ರಿ ಊರವರು ಕಿಟಕಿಗೆ ದಪ್ಪ ಪರದೆ ಹಾಕುತ್ತಾರೆ. ನಾನು ಉಳಿದುಕೊಂಡಿದ್ದ ಮನೆಯ ಅಜ್ಜಿ ನನ್ನ ಮೊಬೈಲ್ ಬೆಳಕನ್ನು ಕೈಯಲ್ಲಿ ಮುಚ್ಚಿ, ಮೇಲೆ ನೋಡು ಅಂತ ಸನ್ನೆ ಮಾಡಿದರು.

ಕೆಜಿಎಫ್ ಮೊಮ್ಮಗ
ನೀವೆಲ್ಲ ಎತ್ತರದ ಮಾತಾಡುತ್ತಿದ್ದೀರಿ. ನಮ್ಮ ಕೋಲಾರದ ಚಿನ್ನದ ಗಣಿಯಲ್ಲಿ ವಿಜ್ಞಾನಿಗಳು ಆಳಕ್ಕೆ ಇಳಿದಿದ್ದರು. ತಾತ ಚಾಂಪಿಯನ್ ರೀಫ್‌ನಲ್ಲಿ ಕೆಲಸ ಮಾಡುತ್ತಿದ್ದರು. ಎರಡು ಕಿ.ಮೀ.ಗಿಂತ ಕೆಳಗೆ. ಅಲ್ಲಿ ಕಬ್ಬಿಣದ ಪೆಟ್ಟಿಗೆ ಸಾಲಾಗಿ ಇಟ್ಟು "ಆಕಾಶದಿಂದ ಬರುವುದನ್ನು ಎಣಿಸುತ್ತೇವೆ" ಅಂದಿದ್ದರಂತೆ. ಸಾಯುವ ತನಕ ತಾತ ಈ ಮಾತು ಹೇಳುತ್ತಿದ್ದರು. ಆಕಾಶದ್ದು ಎಣಿಸಲು ಭೂಮಿ ಒಳಗೆ ಯಾಕೆ ಅಂತ ಅವರಿಗೆ ಕೊನೆಗೂ ಬಗೆಹರಿಯಲಿಲ್ಲ. ಇದಕ್ಕೂ ಅದಕ್ಕೂ ಸಂಬಂಧ ಇದೆಯಾ?

ಮ್ಯೂನಿಕ್ ಕನ್ನಡತಿ
ಇದೆ, ಅಣ್ಣ! ತುಂಬಾ ಇದೆ.

ನಿಮ್ಮ ತಾತ ನೋಡಿದ್ದು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನ್, ಬ್ರಿಟನ್ ವಿಜ್ಞಾನಿಗಳ ಜೊತೆ ನಡೆಸಿದ ಪ್ರಯೋಗ ಇರಬೇಕು. ಕಾಸ್ಮಿಕ್ ಕಿರಣ (ಆಕಾಶದಿಂದ ಬರುವ ವೇಗದ ಕಣ) ಗಾಳಿಗೆ ಬಡಿದಾಗ ಹುಟ್ಟುವ ನ್ಯೂಟ್ರಿನೋಗಳ (ಯಾವುದಕ್ಕೂ ಸುಲಭಕ್ಕೆ ತಾಗದೆ ದಾಟಿಹೋಗುವ ಕಣ) ಗುರುತು ಜಗತ್ತಿನಲ್ಲೇ ಮೊದಲು ಸಿಕ್ಕ ಜಾಗಗಳಲ್ಲಿ ಕೆಜಿಎಫ್ ಒಂದು, 1965ರಲ್ಲಿ. ಆಳಕ್ಕೆ ಹೋಗಿದ್ದು ಯಾಕೆಂದರೆ ಬೇರೆ ಕಣಗಳನ್ನೆಲ್ಲ ಬಂಡೆ ತಡೆಯಲಿ, ನ್ಯೂಟ್ರಿನೋ ಮಾತ್ರ ದಾಟಿ ಬರಲಿ ಅಂತ.

ಈಗ ಅದಕ್ಕೂ ಕಪ್ಪು ಕುಳಿಗೂ ಇರುವ ನಂಟು. ಇಲ್ಲಿಯ ತನಕ ಎಲೆಕ್ಟ್ರಾನ್ ಮಾತು ಮಾತ್ರ ಆಡಿದೆವು. ಜೆಟ್ಟಿನಲ್ಲಿ ಪ್ರೋಟಾನೂ ಓಡಿದರೆ? ಪ್ರೋಟಾನ್ ಬೆಳಕಿಗೋ ಅನಿಲಕ್ಕೋ ಬಡಿದರೆ ಪಯಾನ್ ಅನ್ನುವ ಕ್ಷಣಿಕ ಕಣ ಹುಟ್ಟುತ್ತೆ. ವಿದ್ಯುತ್ ಇಲ್ಲದ ಪಯಾನ್ ಎರಡು ಗಾಮಾ ಆಗಿ ಒಡೆಯುತ್ತೆ. ವಿದ್ಯುತ್ ಇರುವುದು ನ್ಯೂಟ್ರಿನೋ ಕೊಡುತ್ತೆ. ಎಲೆಕ್ಟ್ರಾನ್ ನ್ಯೂಟ್ರಿನೋ ಕೊಡಲಾರದು. ಹಾಗಾಗಿ ನ್ಯೂಟ್ರಿನೋ ಸಿಕ್ಕಿದರೆ ಪ್ರೋಟಾನ್ ಇದೆ ಅಂತಲೇ ಅರ್ಥ.

2017ರ ಸೆಪ್ಟೆಂಬರ್ 22ರಂದು ದಕ್ಷಿಣ ಧ್ರುವದ ಮಂಜಿನೊಳಗಿನ ನ್ಯೂಟ್ರಿನೋ ಉಪಕರಣ ಐಸ್‌ಕ್ಯೂಬ್‌ಗೆ ಸುಮಾರು 290 ಟೆರಾ ಶಕ್ತಿಯ ಒಂದು ನ್ಯೂಟ್ರಿನೋ ಸಿಕ್ಕಿತು. ಅದು ಬಂದ ದಿಕ್ಕಿನಲ್ಲಿ ಟಿಎಕ್ಸ್‌ಎಸ್ 0506+056 ಅನ್ನುವ ಬ್ಲೇಜಾರ್. ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರ. ಫರ್ಮಿ ನೋಡಿದರೆ ಅದು ಆಗ ಗಾಮಾದಲ್ಲಿ ಉರಿಯುತ್ತಿತ್ತು. ಮ್ಯಾಜಿಕ್‌ಗೂ ಕಂಡಿತು.

ಡೌಟ್ ಡಬ್ಬಿ
ಒಂದೇ ಒಂದು ನ್ಯೂಟ್ರಿನೋ! ಕಾಕತಾಳೀಯ ಯಾಕಾಗಿರಬಾರದು?

ಮ್ಯೂನಿಕ್ ಕನ್ನಡತಿ
ಆಗಿರಬಹುದು ಅಂತಲೇ ಹಳೆಯ ದಾಖಲೆ ತೆಗೆದು ನೋಡಿದರು. 2014-15ರಲ್ಲಿ ಅದೇ ದಿಕ್ಕಿನಿಂದ ಸುಮಾರು 13 ನ್ಯೂಟ್ರಿನೋ ಜಾಸ್ತಿ ಬಂದಿದ್ದವು. ವಿಚಿತ್ರ ಅಂದರೆ ಆಗ ಗಾಮಾದಲ್ಲಿ ಗದ್ದಲವೇ ಇರಲಿಲ್ಲ.

ಲ್ಯಾಬ್ ಮೇಷ್ಟ್ರು
ಎನ್‌ಜಿಸಿ 1068 ಅನ್ನುವ ಗ್ಯಾಲಕ್ಸಿ ಕೂಡ ಸೇರಿಸಿ. 2022ರಲ್ಲಿ ಐಸ್‌ಕ್ಯೂಬ್ ಅಲ್ಲಿಂದ ಸುಮಾರು 79 ನ್ಯೂಟ್ರಿನೋ ಲೆಕ್ಕ ಹಾಕಿತು. ಟೆರಾ ಗಾಮಾ ಮಾತ್ರ ಇಲ್ಲ. ಕುಳಿಯ ಪಕ್ಕದ ದಟ್ಟ ಬೆಳಕಿನಲ್ಲಿ ಗಾಮಾ ಸಿಕ್ಕಿಕೊಂಡು ಎಲೆಕ್ಟ್ರಾನ್ ಜೋಡಿಯಾಗಿ ಕರಗಿಹೋಗುತ್ತೆ, ನ್ಯೂಟ್ರಿನೋ ಮಾತ್ರ ತಪ್ಪಿಸಿಕೊಳ್ಳುತ್ತೆ. ಹಾಗಾದರೆ ನಾವು ಗಾಮಾದಲ್ಲಿ ನೋಡುತ್ತಿರುವುದು ಅರ್ಧ ಕಥೆ ಮಾತ್ರ. ಪ್ರೋಟಾನ್ ಪಕ್ಷವೇ ಸರಿ ಅಂತ ನನಗೆ ಅನಿಸುತ್ತೆ.

ಮ್ಯೂನಿಕ್ ಕನ್ನಡತಿ
ಮೇಷ್ಟ್ರೇ, ಎಲ್ಲಾ ಕಡೆ ಅಲ್ಲ. ಬಿಎಲ್ ಲ್ಯಾಸರ್ಟೇ ಅನ್ನುವ ಬ್ಲೇಜಾರನ್ನು 2023ರ ನವೆಂಬರ್‌ನಲ್ಲಿ ನೋಡಿದಾಗ ಅದರ ಕಾಣುವ ಬೆಳಕು ಶೇ 47.5ರಷ್ಟು ಧ್ರುವೀಕರಣ ತೋರಿಸಿತು. ಎಕ್ಸ್‌-ರೇಯಲ್ಲಿ ಶೇ 7.6ಕ್ಕಿಂತ ಕಡಿಮೆ. ಎಕ್ಸ್‌-ರೇ ಪ್ರೋಟಾನಿನದಾಗಿದ್ದರೆ ಅಷ್ಟು ಕಡಿಮೆ ಇರುತ್ತಿರಲಿಲ್ಲ. ಅಲ್ಲಿ ಎಲೆಕ್ಟ್ರಾನ್ ಗುದ್ದುವ ಲೆಕ್ಕವೇ ಗೆದ್ದಿದೆ. ಒಂದೊಂದು ಕುಳಿಯ ಮನೆಯಲ್ಲಿ ಒಂದೊಂದು ಅಡುಗೆ ಇರಬಹುದು.

ಲ್ಯಾಬ್ ಮೇಷ್ಟ್ರು
ಬಿಎಲ್ ಲ್ಯಾಸರ್ಟೇಗೆ ಒಪ್ಪಿದೆ. ಎನ್‌ಜಿಸಿ 1068ಗೆ ನನ್ನ ಮಾತು ಬಿಡಲ್ಲ.

ಕೆಜಿಎಫ್ ಮೊಮ್ಮಗ
ಧನ್ಯವಾದ ಮೇಡಂ. ತಾತ ಇದ್ದಿದ್ದರೆ ಓದಿ ಹೇಳುತ್ತಿದ್ದೆ. ಅಮ್ಮನಿಗೆ ಓದಿ ಹೇಳಿದೆ. ಎರಡು ಸಲ ಕೇಳಿದರು.

ಮಲ್ನಾಡ್ ಮಳೆ
ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ಅಕ್ಕನ ಮಗಳು ಎಲ್ಲಾ ಓದಿದಳು. ಅಂಚಿನ ಹೊರಗೆ ಅನ್ನುವುದು ಅವಳಿಗೆ ಹತ್ತಿತು. ಮೂರು ದಿನದ ಲೆಕ್ಕ ತಾನೇ ಮತ್ತೆ ಹಾಕಿದಳು, ಸರಿಯಾಗಿ ಬಂತು. ಈಗ ಇನ್ನೊಂದು ಕೇಳುತ್ತಿದ್ದಾಳೆ: ಎಂ87 ನಮ್ಮ ಕಣ್ಣಿಗೆ ಕಾಣುತ್ತಾ?

ರಾತ್ರಿ ದುರ್ಬೀನು
ಬರಿಗಣ್ಣಿಗೆ ಇಲ್ಲ. ಸಣ್ಣ ದೂರದರ್ಶಕದಲ್ಲಿ ಕಾಣುತ್ತೆ. ಕನ್ಯಾ ರಾಶಿಯಲ್ಲಿದೆ. ಏಪ್ರಿಲ್, ಮೇ ತಿಂಗಳ ಅಮಾವಾಸ್ಯೆ ಹತ್ತಿರದ ರಾತ್ರಿಗಳು ಒಳ್ಳೆಯವು, ಮಳೆ ಮೋಡ ಬರುವ ಮೊದಲು. ನನ್ನ ಹತ್ತಿರ 8 ಇಂಚಿನದ್ದಿದೆ. ಬಣ್ಣ ಇರಲ್ಲ, ಉಂಗುರ ಇರಲ್ಲ, ಜೆಟ್ಟೂ ಕಾಣಲ್ಲ. ಗಾಜಿನ ಮೇಲೆ ಉಸಿರು ಬಿಟ್ಟಾಗ ಮೂಡುವ ಮಸುಕಿನಷ್ಟು ಒಂದು ದುಂಡು ಕಲೆ. ನೇರ ನೋಡಿದರೆ ಮರೆಯಾಗುತ್ತೆ, ಸ್ವಲ್ಪ ಪಕ್ಕಕ್ಕೆ ನೋಡಿದರೆ ಕಾಣುತ್ತೆ. ಆ ಕಲೆಯ ನಟ್ಟನಡುವೆಯೇ ಆ ಕುಳಿ.

ಏಪ್ರಿಲ್ ಅಮಾವಾಸ್ಯೆಗೆ ನಾವು ನಾಲ್ಕೈದು ಜನ ದೇವರಾಯನದುರ್ಗದ ಕಡೆ ಹೋಗುತ್ತೇವೆ. ನೀವಿಬ್ಬರೂ ಬನ್ನಿ.

ಮಲ್ನಾಡ್ ಮಳೆ
ಖಂಡಿತ ಬರುತ್ತೇವೆ. ಏನಾದರೂ ತರಬೇಕಾ?

ರಾತ್ರಿ ದುರ್ಬೀನು
ಅವಳಿಗೆ ಸ್ವೆಟರ್, ಆ ನೋಟ್‌ಬುಕ್. ಟಾರ್ಚ್ ತಂದರೆ ಕೆಂಪು ಪೇಪರ್ ಸುತ್ತಿ ತನ್ನಿ.

ಸೈಕಲ್ ಸವಾರ
ನಾನೂ ಬರಲಾ?